ಬೂದಿಯಾದ ನೀಲಿ

ಮಾರ್ಚ್ ೧೧, ಬುಧವಾರ

ಒಂದು ಹಿಡಿ ನೀಲಿ ಹಾಳಾಯಿತು. ಹೋಗಲಿ. ಅಪ್ಪನ ಮೇಲೆ ಕೂಗಾಡಿದ್ದೇ ಇನ್ನೂ ಚುಚ್ಚುತ್ತಿದೆ.

ಈ ನೀಲಿ ಕಲ್ಲಿನ ಹಟವೇ ಹಾಗೆ. ತರಿತರಿಯಾಗಿ ಬಿಟ್ಟರೆ ಕುಂಚಕ್ಕೆ ಒಗ್ಗುವುದಿಲ್ಲ, ಅತಿಯಾಗಿ ಅರೆದರೆ ಬಣ್ಣವೇ ಹೋಗಿ ಬೂದಿಯಂತಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಕಲಿಸಿದ್ದೇ ಅಪ್ಪ. "ಕರಕರ ಅನ್ನೋದು ಹೋಗಿ ಸರಸರ ಅಂದ ತಕ್ಷಣ ಕೈ ಎತ್ತಿಬಿಡು." ಕೈ ನಡುಗಿ ಚಿತ್ರ ಬರೆಯುವುದನ್ನು ಬಿಟ್ಟ ಮೇಲೂ ನನ್ನ ಬಣ್ಣಗಳನ್ನೆಲ್ಲ ಅರೆದುಕೊಡುವುದು ಅವರೇ.

ಇವತ್ತು ಮಧ್ಯಾಹ್ನ ಹೊರಗಿನಿಂದ ಬಂದು ನೋಡಿದರೆ ಇನ್ನೂ ಅರೆಯುತ್ತಲೇ ಇದ್ದಾರೆ. ಅರೆಯುವ ಕಲ್ಲಿನ ಮೇಲೆ ಬರೀ ಬೂದಿ.

"ಇಷ್ಟು ವರ್ಷ ಅರೆದವ್ರಿಗೆ ಇಷ್ಟೂ ಗೊತ್ತಾಗಲ್ವಾ?" ಎಂದು ಬೆನ್ನ ಹಿಂದೆ ನಿಂತು ಕಿರುಚಿದೆ. ಅವರು ತಿರುಗಿಯೂ ನೋಡಲಿಲ್ಲ. ಆಗ ಹೊಳೆಯಿತು.

ಹೆಗಲು ಮುಟ್ಟಿದೆ. ಬೆಚ್ಚಿಬಿದ್ದರು. ಕಲ್ಲನ್ನು ನೋಡಿದರು, ನನ್ನ ಮುಖ ನೋಡಿದರು. ಎಷ್ಟು ದಿನದಿಂದ ಕಿವಿ ಕೇಳಿಸುತ್ತಿಲ್ಲವೋ! ನನ್ನ ಮಾತಿಗೆಲ್ಲ ಹೂಂಗುಟ್ಟುತ್ತಲೇ ಇದ್ದರು, ಕಳ್ಳ.

"ಯಾಕಪ್ಪಾ ಹೇಳ್ಲಿಲ್ಲ?" ಎಂದು ಕಿವಿಯ ಹತ್ತಿರ ಕೇಳಿದೆ.

"ಹೇಳಿದ್ರೆ ಗುಂಡುಕಲ್ಲು ಕಿತ್ಕೊಂಡ್ಬಿಡ್ತಿದ್ದೆ."

ಕಿತ್ತುಕೊಳ್ಳುತ್ತಿದ್ದೆ, ನಿಜ.

ನಾಳೆ ಎದುರಿಗೆ ಕೂತು ಅವರ ಕೈ ಮೇಲೆ ಕೈ ಇಟ್ಟುಕೊಳ್ಳುತ್ತೇನೆ. ಕರಕರ ನಿಂತ ಕೂಡಲೇ ಒಮ್ಮೆ ಅದುಮಿದರೆ ಸಾಕು. ಆರು ವರ್ಷದ ನನಗೆ ಅವರು ಕಲಿಸಿದ್ದೂ ಹಾಗೆಯೇ. ಆಗ ಎಷ್ಟು ನೀಲಿ ಬೂದಿ ಮಾಡಿದ್ದೆನೋ. ಒಂದು ದಿನವೂ ಅವರು ಕೂಗಲಿಲ್ಲ.