ಇಪ್ಪತ್ತೆರಡು ದಿನದ ಗಂಜಿ

ಮಾನ್ಯ ವೈದ್ಯಾಧೀಕ್ಷಕರೇ,

ನನ್ನ ಮಗ ಮಾಳೇಶನ ಹೊಟ್ಟೆಯ ಕ್ಯಾನ್ಸರ್ ಗಡ್ಡೆ ತೆಗೆಯಲು ನಿಮ್ಮ ಆಸ್ಪತ್ರೆ ಇಪ್ಪತ್ತೆರಡು ದಿನ ಬಿಟ್ಟು ತಾರೀಖು ಕೊಟ್ಟಿತು. ಅಲ್ಲಿಯವರೆಗೆ ಅವನು ಏನು ತಿನ್ನಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ತಾರೀಖು ಬಂತು, ಆಪರೇಷನ್ ಆಗಲಿಲ್ಲ. ಅವನ ತೂಕ ಐವತ್ತೇಳು ಕಿಲೋದಿಂದ ಐವತ್ತಕ್ಕೆ ಇಳಿದಿತ್ತು.

ಇಳಿಸಿದವಳು ನಾನೇ. ಊರೆಲ್ಲ ಓದಲಿ ಎಂದೇ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಹತ್ತನೇ ಇಯತ್ತೆ ಓದಿದವಳು. ಬೇಡಕಿಹಾಳದ ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ನನ್ನನ್ನು ಕೇಳದೆ ಒಲೆ ಹೊತ್ತಿಲ್ಲ. ಹೊಟ್ಟೆಬೇನೆ ಎಂದರೆ ನಮ್ಮಲ್ಲಿ ಪಥ್ಯವೇ ಕಾನೂನು: ತತ್ತಿ ಉಷ್ಣ, ಶೇಂಗಾ ಪಿತ್ತ, ಎಮ್ಮೆಯ ಹಾಲು ಜಡ. ಹಾಗಾಗಿ ಮೂರು ಹೊತ್ತೂ ತೆಳ್ಳನೆಯ ಅಕ್ಕಿಗಂಜಿ. ಕೊಟ್ಟಿಗೆಯಲ್ಲಿ ಹಿಂಡುವ ಎಮ್ಮೆ ಎರಡಿದ್ದವು. ಹಾಲೆಲ್ಲ ಡೇರಿಗೆ ಹೋಯಿತು. ಮಗನ ಬಾಯಿಗೆ ಹನಿಯೂ ಬೀಳದಂತೆ ನಾನು ಕಾವಲು ಕಾಯ್ದೆ.

ಸೊಸೆ ಕೋಮಲ ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಅತ್ತಿ, ಒಂದ ತತ್ತಿ ಕುದಿಸಿ ಕೊಡ್ಲೇನ್ರಿ? ಎದ್ದ ಕುಂದ್ರಾಕೂ ಆಗವಲ್ದು ಅವರಿಗೆ."

"ನಿಮ್ಮ ತವರಮನ್ಯಾಗ ಹೊಟ್ಟಿ ಬ್ಯಾನಿಗೆ ತತ್ತಿ ತಿನ್ನಸ್ತಾರೇನಬೇ? ಸುಮ್ಮ ಗಂಜಿ ಕಾಸು."

ಒಳಗಿನಿಂದ ಮಾಳೇಶ ನಕ್ಕ. "ಯವ್ವಾ, ಗಡ್ಡಿಗಿಂತ ಮೊದಲ ನಿನ್ನ ಗಂಜೀನ ನನ್ನ ಮುಗಸ್ತೈತಿ ನೋಡ."

ಅವನಿಗೂ ಬೈದೆ.

ತಾರೀಖಿನ ದಿನ ನಿಮ್ಮ ಶಸ್ತ್ರವೈದ್ಯರು ಅವನ ರಟ್ಟೆ ಹಿಡಿದು ನೋಡಿ ತಲೆಯಾಡಿಸಿದರು. "ಈ ಮೈಗೆ ಈಗ ಕತ್ತರಿ ಹಾಕಿದ್ರ ಒಳಗಿನ ಹೊಲಿಗಿ ಕೂಡೂದಿಲ್ಲವ್ವಾ. ಎರಡ ವಾರ ಚಲೋತ್ನಂಗ ಉಣ್ಣಸ್ರಿ, ಆಮ್ಯಾಲ ನೋಡೂಣು."

"ಇದನ್ನ ಮೊದಲನೇ ದಿನಾನ ಯಾಕ ಹೇಳ್ಲಿಲ್ರಿ ಸಾಹೇಬ್ರ?"

"ಅದು ಡಯಟಿಷಿಯನ್ ಹೇಳಬೇಕ್ರಿ. ಆ ಜಾಗಾ ಖಾಲಿ ಐತಿ."

ಆ ಕೋಣೆಯನ್ನು ಹುಡುಕಿಕೊಂಡು ಹೋದೆ. 'ಆಹಾರ ಸಲಹೆ' ಎಂಬ ಫಲಕ ಚೊಕ್ಕಟವಾಗಿದೆ, ಅಭಿನಂದನೆಗಳು. ಬೀಗವೂ ಗಟ್ಟಿಯಾಗಿದೆ. ಗಡ್ಡೆ ಕೊಯ್ಯಲು ನಿಮ್ಮಲ್ಲಿ ಜನರಿದ್ದಾರೆ, ಕೊಯ್ಯಿಸಿಕೊಳ್ಳುವ ಮೈಯನ್ನು ಸಿದ್ಧ ಮಾಡಲು ಒಬ್ಬರೂ ಇಲ್ಲವೇ? ಉಣಿಸುವುದು ಹೆಂಗಸರಿಗೆ ಗೊತ್ತೇ ಇರುತ್ತದೆ ಎಂದುಕೊಂಡಿರಾ? ಗೊತ್ತಿದ್ದದ್ದನ್ನೇ ಮಾಡಿದೆನಲ್ಲ ಸ್ವಾಮಿ!

ಮೊದಲ ಸಲ ತಪಾಸಣೆಗೆಂದು ಮಾಳೇಶನನ್ನು ವಾರ್ಡಿನಲ್ಲಿ ಮಲಗಿಸಿದ್ದಾಗ ಪಕ್ಕದ ಮಂಚದಲ್ಲಿ ಮುಗಳಖೋಡದ ಮುರಗೆಪ್ಪ ಇದೇ ಆಪರೇಷನ್ನಿಗೆ ಕಾಯುತ್ತಿದ್ದರು. ಅವರ ಮಗಳು ಸಪನಾ ಥರ್ಮಾಸಿನಲ್ಲಿ ಗಂಜಿ ತರುತ್ತಿದ್ದಳು. ಆಗ "ಶಾಣ್ಯಾಕಿ ಅದಿ ನೋಡವಾ" ಎಂದು ನಾನೇ ಅವಳ ಬೆನ್ನು ತಟ್ಟಿದ್ದೆ. ಆಪರೇಷನ್ ತಾರೀಖಿಗೆ ಹೋದಾಗ ಆ ಮಂಚಕ್ಕೆ ಹೊಸ ಚಾದರ ಹಾಸಿತ್ತು. ಏನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಸುಲಭಕ್ಕೆ ಹೆದರುವವಳಲ್ಲ.

ಈಗ ಹಾಲು, ತತ್ತಿ, ಬೇಳೆಕಟ್ಟು ಎಲ್ಲವನ್ನೂ ಅವನ ಮುಂದಿಟ್ಟಿದ್ದೇನೆ. ನಾಲ್ಕು ಚಮಚ ಇಳಿದರೆ ಐದನೆಯದಕ್ಕೆ ವಾಂತಿ. ಬಾಯಿಂದ ಹೋಗದಿದ್ದರೆ ಮೂಗಿನ ನಳಿಕೆಯಿಂದ ಕೊಡುವುದುಂಟಂತೆ. ಎಷ್ಟು, ಯಾವಾಗ, ಯಾರನ್ನು ಕೇಳಲಿ? ನಾಳೆ ಆಪರೇಷನ್ ಆಗಿ ಅರ್ಧ ಹೊಟ್ಟೆ ಇಟ್ಟುಕೊಂಡು ಮನೆಗೆ ಬಂದರೆ ಅದಕ್ಕೆ ಹೇಗೆ ಉಣಿಸಲಿ? ಗಡ್ಡೆಗೆ ಮಾತ್ರ ಯಾವ ಪಥ್ಯವೂ ಇಲ್ಲ. ಅದು ಬೆಳೆಯುತ್ತಿದೆ.

ಕೊಟ್ಟ ಎರಡು ವಾರದಲ್ಲಿ ಆರು ದಿನ ಹೋದವು. ಬರುವ ಸೋಮವಾರ ಆ ಕೋಣೆಯಲ್ಲಿ ಬಲ್ಲವರೊಬ್ಬರನ್ನು ಕೂರಿಸಿ; ಬೇರೆ ಊರಿನಿಂದ ಎರವಲು ತಂದಾದರೂ ಸರಿ. ಆಪರೇಷನ್ ಚೀಟಿಯ ಜೊತೆಗೆ ಊಟದ ಚೀಟಿಯನ್ನೂ ಕೊಡಿ, ನಮ್ಮ ಗಡಿ ಊರುಗಳಿಗೆ ಕನ್ನಡದಲ್ಲೂ ಮರಾಠಿಯಲ್ಲೂ. ಅದನ್ನು ಮನೆಯ ಹಿರಿಯಳ ಕೈಗಿತ್ತು ಗದರಿಸಿ ಹೇಳಿ, ಏಕೆಂದರೆ ಸೊಸೆಯಂದಿರ ಮಾತನ್ನು ನಾವು ಕೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಗನೊಂದಿಗೆ ಆ ಬಾಗಿಲ ಮುಂದೆ ಕೂರುತ್ತೇನೆ. ಅವನನ್ನು ಎತ್ತಿ ತರಲು ಈಗ ಕೋಮಲ ಒಬ್ಬಳೇ ಸಾಕು.

ಇಂತಿ,
ಉಣಿಸಲು ಬಲ್ಲೆನೆಂದುಕೊಂಡಿದ್ದ
ಲಗಮವ್ವ, ಬೇಡಕಿಹಾಳ