ಎರಡನೇ ಜ್ವರ

ಶಿಡ್ಲಘಟ್ಟ
೧೨-೯-೨೦೦೬, ಮಂಗಳವಾರ

ನನ್ನ ಓಡೋ ಕುದುರೆ ಮಿತ್ರಮ್ಮನಿಗೆ,

ಅಮ್ಮನ ಆಶೀರ್ವಾದ. ಮೊದಲೇ ಹೇಳಿಬಿಡ್ತೀನಿ, ಮನೇಲಿ ಯಾರಿಗೂ ಜ್ವರ ಇಲ್ಲ. ನಾನು, ನಿಮ್ಮಪ್ಪ, ಎದುರು ಮನೆ ಓಬಳಮ್ಮಜ್ಜಿ, ಎಲ್ಲಾರೂ ಗುಂಡುಕಲ್ಲಿನ ಹಾಗೆ ಇದ್ದೀವಿ. ನೀನು ಮದ್ರಾಸಿನಿಂದ ಹಾಸ್ಟೆಲ್‌ಗೆ ವಾಪಸ್ ಬಂದಾಗ ಯಾರಾದರೂ ನಿನ್ನ ಮುಖ ನೋಡಿ ಅಯ್ಯೋ ಪಾಪ ಅಂದರೆ ಗಾಬರಿ ಬೀಳಬೇಡ. ನೀನು ಬರೋದಕ್ಕೆ ಮುಂಚೆ ಈ ಕಾಗದ ಅಲ್ಲಿ ಬಂದಿರಲಿ ಅಂತ ಕೂತು ಬರೀತಿದ್ದೀನಿ.

ನಿನ್ನ ಕಾಗದ ಓದಿದ ದಿನ ನನ್ನ ಹೊಟ್ಟೆ ಉರಿದುಹೋಯ್ತು ಕಣೇ. ಮೂರು ತಿಂಗಳಿಂದ ಒಂದು ಗೋಲೂ ಹೊಡೆದಿಲ್ಲ, ಮುಂದಿನ ಸಾಲಿನಲ್ಲಿ ಆಡ್ತಿದ್ದ ನನ್ನನ್ನ ಕೋಚ್ ರಾಧಾಮಣಿ ಮೇಡಂ ಹಿಂದಕ್ಕೆ ಎಳೆದು ಹಾಫ್‌ನಲ್ಲಿ ನಿಲ್ಲಿಸಿದ್ದಾರೆ, ಹಾಕಿ ಸ್ಟಿಕ್ ಹಿಡಿಯೋದರಿಂದ ಹೊಸದಾಗಿ ಶುರು ಮಾಡಿಸ್ತಿದ್ದಾರೆ, ಜೊತೆಯವರು ನಗ್ತಾರೆ, ಇಲ್ಲೇ ಇದ್ದರೆ ಹಾಳಾಗಿ ಹೋಗ್ತೀನಿ ಅಂತ ಬರೆದಿದ್ದೆ. ಮದ್ರಾಸಿನ ಆಫೀಸಿನ ಟೀಮಿನವರು ಟ್ರಯಲ್‌ಗೆ ಕರೆದಿದ್ದಾರೆ, ಆಯ್ಕೆ ಆದರೆ ಕೆಲಸಾನೂ ಕೊಟ್ಟು ಅಲ್ಲೇ ಇಟ್ಕೊಳ್ತಾರೆ, ನನಗಿನ್ನೂ ಹದಿನೇಳು, ಅದಕ್ಕೆ ನೀನು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಭಾನುವಾರ ಹಾಸ್ಟೆಲ್‌ಗೆ ತಂದುಕೊಡು, ನಾನು ಟ್ರಯಲ್ ಮುಗಿಸಿ ಬಂದು ತಗೊಳ್ತೀನಿ ಅಂತಾನೂ ಬರೆದಿದ್ದೆ. ನನ್ನ ಮಗಳನ್ನ ಹಿಂದೆ ನಿಲ್ಲಿಸೋಕೆ ಈ ಮೇಡಂ ಯಾರು ಅಂತ ನಾನು ಪೆನ್ನು ಹುಡುಕೋಕೆ ಎದ್ದೇಬಿಟ್ಟೆ. ನಿಮ್ಮಪ್ಪನಂತೂ ಆಗಲೇ ಹೋಟೆಲಿನಲ್ಲಿ ಕೂತು ನಮ್ಮ ಹುಡುಗಿಗೆ ಕೆಲಸ ಆಯ್ತು ಅಂತ ಟೀ ಕುಡಿಸ್ತಿದ್ರು.

ಅಷ್ಟರಲ್ಲಿ ನಮ್ಮ ಚಾಕಿ ಮನೇಲಿ ಸಾಕ್ತಿರೋ ರೇಷ್ಮೆ ಮರಿಹುಳ ಎರಡನೇ ಜ್ವರಕ್ಕೆ ಕೂತುಬಿಟ್ಟವು. ಹುಳ ಜ್ವರಕ್ಕೆ ಕೂತರೆ ನಾನು ಹೊಸಿಲು ದಾಟಲ್ಲ, ನಿನಗೆ ಗೊತ್ತಲ್ಲ. ಅದಕ್ಕೆ ಶನಿವಾರ ಬಸ್‌ಸ್ಟ್ಯಾಂಡಿಗೆ ಓಡಿಹೋಗಿ ಕಾಯಿನ್ ಬಾಕ್ಸಿನಿಂದ ನಿಮ್ಮ ಹಾಸ್ಟೆಲ್‌ಗೆ ಫೋನ್ ಮಾಡಿದೆ. ಧಾರವಾಡದ ಕಡೆಯ ಆ ವಾರ್ಡನ್ ಎತ್ತಿದರು. ಎರಡನೇ ಜ್ವರಕ್ಕೆ ಕೂತವೆ, ನಾಳೆ ಬರೋಕಾಗಲ್ಲ ಅಂದೆ. ಎಲ್ಲಾರಿಗೂ ಏನ್ರೀ ಅಂತ ಕೇಳಿದರು. ಹೂಂ, ಒಂದೂ ಬಿಟ್ಟಿಲ್ಲ, ಎಲ್ಲಾ ತಲೆ ಎತ್ಕೊಂಡು ಕೂತುಬಿಟ್ಟವೆ ಅಂದೆ. ಏನರೆ ತಿಂತಾರೇನ್ರೀ ಅಂದರು. ಎಲ್ಲಿ ಬಂತು, ಸೊಪ್ಪು ಮುಟ್ಟಲ್ಲ ಅಂದೆ. ಅಷ್ಟರಲ್ಲಿ ಕಾಸು ಮುಗಿದು ಲೈನ್ ಕಟ್ ಆಯ್ತು. ಊರೂರಿಗೇ ಈ ಚಿಕುನ್‌ಗುನ್ಯಾ ಹಬ್ಬಿಕೊಂಡು ಜನ ಮಂಡಿ ಹಿಡ್ಕೊಂಡು ನಡೆಯೋ ಕಾಲ. ಆ ತಾಯಿ ಏನು ತಿಳ್ಕೊಂಡ್ರು ಅಂತ ನೀನೇ ಲೆಕ್ಕ ಹಾಕು.

ಭಾನುವಾರ ಹನ್ನೊಂದು ಗಂಟೆಗೆ ಓಬಳಮ್ಮಜ್ಜಿ ಎದುರು ಜಗಲಿಯಿಂದ, ಅನಸೂಯಮ್ಮಾ, ಪೋಲೀಸೋಳ್ಳು ವಚ್ಚಾರು ಅಂತ ಕೂಗಿದಳು. ಪೋಲೀಸಿನವರು ಯಾಕೆ ಬಂದರಪ್ಪಾ ಅಂತ ಈಚೆ ಬಂದು ನೋಡ್ತೀನಿ, ಟ್ರ್ಯಾಕ್ ಪ್ಯಾಂಟು, ಗಂಡುಹುಡುಗರ ಥರ ಕತ್ತರಿಸಿದ ಕೂದಲು, ಕೈಲಿ ದಪ್ಪ ಚೀಲ, ಒಬ್ಬ ಹೆಂಗಸು ನೆಟ್ಟಗೆ ಚಾಕಿ ಮನೆ ಬಾಗಿಲಿಗೇ ಬರ್ತಿದ್ದಾರೆ. ಚೀಲದಿಂದ ಗಮ್ಮಂತ ನೀಲಗಿರಿ ಎಣ್ಣೆ ವಾಸನೆ, ಮೇಲುಗಡೆ ಸೊಳ್ಳೆಬತ್ತಿ ಡಬ್ಬಿ ಕಾಣ್ತಿದೆ. ನನ್ನ ಜೀವಾನೇ ಹೋಯ್ತು. ಸೊಳ್ಳೆಬತ್ತಿ ಹೊಗೆ ಒಂದು ಸಲ ಆಡಿದರೆ ಸಾಕು, ತಟ್ಟೆಗಟ್ಟಲೆ ಹುಳ ಖಾಲಿ. ಅಲ್ಲೇ ನಿಂತ್ಕೊಳ್ಳಿ, ಒಳಗೆ ಕಾಲಿಟ್ಟರೆ ನಾನು ಸುಮ್ಮನಿರಲ್ಲ ಅಂತ ಕಿರುಚಿದೆ. ಪಾಪ, ಚೀಲ ಅಲ್ಲೇ ರಸ್ತೇಲಿ ಇಟ್ಟು ನಿಂತರು. ನೀವು ಸಂಘಮಿತ್ರನ ತಾಯಿ ಅಲ್ವಾ, ಜ್ವರ ಹೇಗಿದೆ ಅಂತ ಕೇಳಿದರು. ಜ್ವರ ಚೆನ್ನಾಗೇ ಇದೆ, ನೀವು ಯಾರು ಅಂದೆ.

ಅವರು ನಿಮ್ಮ ರಾಧಾಮಣಿ ಮೇಡಂ ಕಣೇ! ನೀನು ಟ್ರಯಲ್‌ನಲ್ಲಿ ಇದ್ದೀಯ, ನಿನಗೆ ಹೇಳಿದರೆ ಮನಸ್ಸು ಕೆಡುತ್ತೆ ಅಂತ ನಿನಗೆ ಒಂದು ಮಾತೂ ತಿಳಿಸದೆ, ತಮಗೆ ಸಿಗೋ ಒಂದು ಭಾನುವಾರದ ರಜಾನ ಹಾಳು ಮಾಡ್ಕೊಂಡು, ಬಸ್ಸಿನಲ್ಲಿ ನಿಂತ್ಕೊಂಡು ಬಂದಿದ್ದಾರೆ. ಬ್ರೆಡ್ಡು, ಮೋಸಂಬಿ, ಮಾತ್ರೆ, ಎಣ್ಣೆ, ಎಲ್ಲಾ ತಂದಿದ್ದಾರೆ. ವಿಷಯ ಗೊತ್ತಾದ ಮೇಲೆ ಇಬ್ಬರೂ ರಸ್ತೇಲೇ ನಿಂತು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೀವಿ. ಅಂಥಾ ಹೆಂಗಸನ್ನ ನಾನು ಮನಸ್ಸಿನಲ್ಲಿ ಏನೇನು ಬೈಕೊಂಡಿದ್ದೆನಲ್ಲ ಅಂತ ನಾಚಿಕೆ ಆಯ್ತು.

ಕೈಕಾಲು ತೊಳೆಸಿ ಒಳಗೆ ಕರ್ಕೊಂಡು ಹೋದೆ. ಅವರು ಚಿನ್ನದ ಗಣಿ ಕಡೆ ಬೆಳೆದವರಂತೆ, ಹುಳಾನೇ ನೋಡಿಲ್ಲ. ತಟ್ಟೆ ತುಂಬ ಅಲ್ಲಾಡದೆ ಕೂತಿದ್ದನ್ನ ನೋಡಿ, ಸತ್ತವಾ ಅಂತ ಮೆಲ್ಲಗೆ ಕೇಳಿದರು. ಅಯ್ಯೋ ಬಿಡ್ತು ಅನ್ನಿ, ಇದೇ ಜ್ವರ, ಹಳೇ ಚರ್ಮ ಬಿಗಿ ಆಗಿರುತ್ತೆ, ಒಳಗೆ ಹೊಸದು ಬರ್ತಿರುತ್ತೆ, ಅಷ್ಟು ಹೊತ್ತು ತಿನ್ನಲ್ಲ, ಓಡಾಡಲ್ಲ, ಪೊರೆ ಬಿಟ್ಟ ಮೇಲೆ ತಾವಾಗೇ ಏಳ್ತವೆ ಅಂತ ಹೇಳಿದೆ. ನಮ್ಮಲ್ಲಿ ಎರಡನೇ ಜ್ವರ ಎದ್ದ ಮೇಲೇನೇ ರೈತರಿಗೆ ಕೊಡೋದು, ಮುಂದಿನದ್ದು ಅವರು ಸಾಕ್ಕೊಳ್ತಾರೆ ಅಂತಾನೂ ಹೇಳಿದೆ.

ಸರಿಯಾಗಿ ಆಗಲೇ ಚಿಂತಾಮಣಿ ಕಡೆಯ ಮುನಿಗಂಗಪ್ಪ ಆಟೋ ತಗೊಂಡು ಬಂದ. ಸೊಪ್ಪು ಬಲಿತು ಹೋಗ್ತಿದೆ, ಹುಳ ಈಗಲೇ ಕೊಡಕ್ಕಾ ಅಂತ ಗಂಟುಬಿದ್ದ. ಆಗಲ್ಲಪ್ಪಾ, ಜ್ವರದಲ್ಲಿ ಅವೆ ಅಂದೆ. ದಾರೀಲಿ ಎದ್ದುಕೊಳ್ತವೆ ಬಿಡಕ್ಕಾ ಅಂದ. ನಿನ್ನ ತಲೆ, ಎದ್ದ ಮೇಲೆ ಬಾ ಹೋಗು ಅಂತ ಬೈದು ಕಳಿಸಿದೆ. ಮೇಡಂ ಮೂಲೇಲಿ ನಿಂತು ನೋಡ್ತಾನೇ ಇದ್ದರು. ಕೊಟ್ಟಿದ್ದರೆ ಏನಾಗ್ತಿತ್ತು ಅಂತ ಕೇಳಿದರು. ಕೆಲವು ಸಾಯ್ತವೆ, ಉಳಿದವು ಒಂದು ಹಿಂದೆ ಒಂದು ಮುಂದೆ ಏಳ್ತವೆ, ಗೂಡು ಕಟ್ಟಿದರೂ ಪೊಳ್ಳು ಅಂದೆ. ಅವರು, ಅನಸೂಯಮ್ಮನೋರೇ, ನಿಮ್ಮ ಮಗಳೂ ಜ್ವರಕ್ಕೆ ಕೂತಿದ್ದಾಳೆ ಅಂದರು.

ನನಗೆ ರೇಗಿತು. ನನ್ನ ಮಗಳನ್ನ ಹುಳ ಅಂತೀರಾ ಅಂದೆ. ಅವರು ನಕ್ಕು ನನ್ನನ್ನ ಅಂಗಳಕ್ಕೆ ಕರ್ಕೊಂಡು ಬಂದರು. ಒಂದು ಸೊಪ್ಪಿನ ಕಡ್ಡಿ ಹಿಡ್ಕೊಂಡು, ತಂದಿದ್ದ ಮೋಸಂಬೀನ ನನ್ನ ಕೈಗೆ ಕೊಟ್ಟು ಉರುಳಿಸಿ ಅಂದರು. ಉರುಳಿಸಿದೆ. ನಮ್ಮ ಅಂಗಳ ಗೊತ್ತಲ್ಲ, ಕಲ್ಲಿಗೆ ತಾಗಿ ಹಣ್ಣು ಎಗರಿತು. ಅವರು ಕಡ್ಡೀನ ಮೇಲಕ್ಕೆ ಎತ್ತಿ ಅದನ್ನ ಹಿಡಿದು, ನಿಮ್ಮ ಮಗಳ ಕೈ ಇದು ಅಂದರು. ವೆಂಕಟರಾಯಪ್ಪ ಮೇಷ್ಟ್ರು ನಮ್ಮ ಸ್ಕೂಲಿನ ಮಣ್ಣಿನ ಗ್ರೌಂಡಿನಲ್ಲಿ ಕಲಿಸಿದ ಕೈ ಅಂದೆ ನಾನು. ಎಗರೋ ಚೆಂಡನ್ನ ಇಷ್ಟು ಚೆಂದ ಹಿಡಿಯೋ ಹುಡುಗೀನ ನಾನು ನೋಡೇ ಇಲ್ಲ, ಆ ಮೇಷ್ಟ್ರಿಗೆ ಒಂದು ನಮಸ್ಕಾರ ಹೇಳಿ ಅಂದರು. ಆಮೇಲೆ ಜಗಲಿ ಮೇಲೆ ಹಣ್ಣು ಉರುಳಿಸೋಕೆ ಹೇಳಿದರು. ಅದು ಸುಂಯ್ ಅಂತ ನೆಲಕ್ಕೆ ಅಂಟಿಕೊಂಡೇ ಹೋಗಿ ಕಡ್ಡಿ ಕೆಳಗೆ ನುಗ್ಗಿಬಿಡ್ತು. ಟರ್ಫ್ ಮೇಲೆ ಚೆಂಡು ಬರೋದು ಹೀಗೆ ಅಂದರು.

ಟರ್ಫ್ ಅಂದರೆ ಆ ಹಸಿರು ರತ್ನಗಂಬಳಿ ತಾನೆ? ಹೋದ ಸಲ ನಿನ್ನ ಆಟ ನೋಡೋಕೆ ಬಂದಾಗ ನೋಡಿದ್ದೆನಲ್ಲ. ಹುಲ್ಲೇ ಇಲ್ಲದ ನೆಲಕ್ಕೆ ಪೈಪಿನಲ್ಲಿ ನೀರು ಹಾಯಿಸ್ತಿದ್ದರು. ಇಲ್ಲಿ ನಮ್ಮ ಬೋರು ಬುಸ್ ಅಂತ ಗಾಳಿ ಬಿಡುತ್ತೆ, ಇವರೇನು ರತ್ನಗಂಬಳಿಗೆ ನೀರು ಕುಡಿಸ್ತಾರಪ್ಪಾ ಅಂತ ಬೈಕೊಂಡಿದ್ದೆ. ಅದರ ಮೇಲೆ ನೀನು ಓಡಿದ್ದು ನೋಡಿ ಮಾತ್ರ ನನ್ನ ಕಣ್ಣು ತುಂಬಿ ಬಂದಿತ್ತು. ಅದನ್ನ ನಿನಗೆ ಹೇಳಿರಲಿಲ್ಲ.

ಮೇಡಂ ಹೇಳಿದ್ದು ಇಷ್ಟು ಕಣಮ್ಮ. ನಿನ್ನ ಹಳೇ ಕೈ ಕಿತ್ತು ಹಾಕೋದು ಅವರಿಗೆ ಬೇಕಾಗಿಲ್ಲ, ಅದರ ಜೊತೆಗೆ ಇನ್ನೊಂದು ಕೈ ಬರಬೇಕು. ಅದು ಬರೋವರೆಗೂ ನೀನು ಅದಕ್ಕೂ ಇಲ್ಲ, ಇದಕ್ಕೂ ಇಲ್ಲ. ಹಿಂದೆ ನಿಲ್ಲಿಸಿದ್ದು ಅವಮಾನಕ್ಕಲ್ಲ, ಅಲ್ಲಿ ಚೆಂಡು ಜಾಸ್ತಿ ಬರುತ್ತೆ ಅಂತ. ಆಫೀಸಿನ ಟೀಮು ಕೆಟ್ಟದ್ದಲ್ಲ, ಒಂದು ದಿನ ಅಲ್ಲಿಗೆ ಹೋಗಲೇಬೇಕು, ಆಟಗಾರರಿಗೂ ಅನ್ನ ಬೇಕಲ್ಲ ಅಂದರು. ಆದರೆ ಅವರಿಗೆ ವಾರ ವಾರ ಮ್ಯಾಚು, ಗೋಲು ಬೇಕು, ನಿಂತು ಕೈ ತಿದ್ದೋಕೆ ಪುರುಸೊತ್ತಿಲ್ಲ. ಈಗ ಹೋದರೆ ಗೋಲಿಗಾಗಿ ಹಳೇ ಕೈಗೇ ವಾಪಸ್ ಹೋಗ್ತೀಯ, ಆಮೇಲೆ ಅಲ್ಲೇ ನಿಂತುಬಿಡ್ತೀಯ. ಇನ್ನು ಎರಡು ವರ್ಷ ಹಾಸ್ಟೆಲಿನಲ್ಲೇ ಇರಲಿ ಅಂತ ಅವರ ಮಾತು.

ಎರಡು ವರ್ಷ ಆದ ಮೇಲೆ ಆ ಆಫೀಸಿನವರು ಮತ್ತೆ ಕರೀತಾರಾ ಅಂತ ಕೇಳಿದೆ. ಗ್ಯಾರಂಟಿ ಇಲ್ಲ ಅಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ. ಅಷ್ಟರಲ್ಲಿ ಬಂದ ನಿಮ್ಮಪ್ಪ, ಕೆಲಸ ಸಿಕ್ಕಿದ ಮೇಲೆ ಕೈ ಕಲೀಲಿ ಬಿಡಿ ಮೇಡಂ ಅಂತ ಬಾಯಿ ಹಾಕಿದರು. ಮುನಿಗಂಗಪ್ಪನ ತಮ್ಮ ಇದ್ದ ಹಾಗೆ ಇದ್ದೀರ ಅಂತ ನಾನು ಬಾಯಿ ಮುಚ್ಚಿಸಿದೆ.

ಈಗ ನನ್ನ ಮಾತು. ನನಗೂ ಭಯಾನೇ ಮಿತ್ರಾ. ಕೈಗೆ ಬಂದದ್ದು ತಪ್ಪಿಹೋದರೆ ನೀನು ನಾಳೆ ನನ್ನನ್ನ ಬೈತೀಯ ಅಂತ ಭಯ. ಆದರೂ ನಾನಾಗಿದ್ದರೆ ಆ ಹೆಂಗಸಿನ ಕೈ ಬಿಟ್ಟು ಹೋಗ್ತಿರಲಿಲ್ಲ. ಹೆತ್ತವಳು ನಾನು, ನನಗೇ ನಿನ್ನ ಕೈ ಹೇಗಿದೆ ಅಂತ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

ಚೆನ್ನಾಗಿ ಊಟ ಮಾಡು. ಹುಳ ನಿನ್ನೆ ಎದ್ದವು, ಮುನಿಗಂಗಪ್ಪ ತಗೊಂಡು ಹೋದ. ಮನೆ ಬಣಬಣ ಅಂತಿದೆ.

ನಿನ್ನ ದಾರಿ ನೋಡೋ
ಅಮ್ಮ, ಅನಸೂಯಮ್ಮ

ಮರೆತ ಮಾತು: ಸಹಿ ಹಾಕಿದ್ದೀನಿ. ಹುಳಕ್ಕೆ ಬೇಕು ಅಂತ ಬಾಯಿಬಿಟ್ಟು ಕೇಳೋಕಾಗಲ್ಲ, ಹುಡುಗಿ ಕೇಳ್ತಾಳೆ, ಅವಳ ಇಷ್ಟಕ್ಕೆ ನಾವು ಅಡ್ಡ ನಿಲ್ಲೋದು ಬೇಡ ಅಂತ ಮೇಡಂ ಅವರೇ ಹಾಕಿಸಿದರು. ಕಾಗದ ಅವರ ಹತ್ತಿರಾನೇ ಇದೆ. ನೀನು ಕೇಳಿದ ತಕ್ಷಣ, ಒಂದು ಮಾತೂ ಆಡದೆ ಕೊಡ್ತಾರಂತೆ. ಹೋಗಬೇಕು ಅನ್ನಿಸಿದರೆ ಅವರ ಮುಖ ನೋಡಿ ಕೇಳಿ ತಗೋ.

***

ಬೆಂಗಳೂರು
೧೮-೯-೨೦೦೬

ಪ್ರೀತಿಯ ಅಮ್ಮಾ,

ನಿನ್ನ ಕಾಗದ ಬರೋದು ಒಂದು ದಿನ ತಡ ಆಯ್ತು. ನಾನು ಬ್ಯಾಗ್ ಇಳಿಸೋಕೆ ಮುಂಚೆಯೇ ಅಡಿಗೆಯವರು ನನ್ನ ತಲೆ ಸವರಿ, ಧೈರ್ಯ ತಗೋ ಮಗಳೇ ಅಂದರು. ನನಗೆ ಎದೆ ಒಡೆದೇ ಹೋಗಿತ್ತು. ಇನ್ನು ಮೇಲೆ ಫೋನಿನಲ್ಲಿ ದಯವಿಟ್ಟು ಹುಳ ಅನ್ನೋ ಪದ ಸೇರಿಸಿ ಮಾತಾಡು.

ಮದ್ರಾಸಿನಲ್ಲಿ ಅವರು ನನ್ನನ್ನ ಮುಂದೇನೇ ಆಡಿಸಿದರು. ಎರಡು ಗೋಲು ಹೊಡೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಬಾ ಅಂದರು. ಖುಷಿಯಿಂದ ಹಾರಾಡ್ತಾ ಬಂದೆ. ನಿನ್ನ ಕಾಗದ ಓದಿ ಅಳುನೂ ಬಂತು, ಕೋಪಾನೂ ಬಂತು, ಆದರೂ ಸೀದಾ ಹೋಗಿ ಮೇಡಂ ಹತ್ತಿರ ಒಪ್ಪಿಗೆ ಕಾಗದ ಕೇಳಿದೆ. ಡ್ರಾಯರಿನಿಂದ ತೆಗೆದು ಕೊಟ್ಟೇಬಿಟ್ಟರು. ಊಟ ಆಯ್ತಾ ಅಂತ ಮಾತ್ರ ಕೇಳಿದರು.

ರೂಮಿಗೆ ತಂದು ದಿಂಬಿನ ಕೆಳಗೆ ಇಟ್ಕೊಂಡೆ. ಆಗ ಒಂದು ವಿಷಯ ತಲೆಗೆ ಹೊಕ್ಕಿತು. ಮದ್ರಾಸಿನಲ್ಲಿ ಹೊಡೆದ ಎರಡೂ ಗೋಲು ಎಗರಿ ಬಂದ ಚೆಂಡಿನಿಂದ. ನೆಲಕ್ಕೆ ಅಂಟಿ ಬಂದವು ನಾಲ್ಕೈದು ಸಲ ನನ್ನ ಸ್ಟಿಕ್ ಕೆಳಗೇ ನುಗ್ಗಿ ಹೋಗಿದ್ದವು, ನಿನ್ನ ಮೋಸಂಬಿ ಥರಾನೇ. ಅಲ್ಲಿ ಯಾರೂ ನನ್ನ ಬೈಲಿಲ್ಲ ಅಮ್ಮಾ. ಪರವಾಗಿಲ್ಲ ಅಂದರು. ಇಲ್ಲಿ ಆಗಿದ್ದರೆ ಮೇಡಂ ಆಟ ನಿಲ್ಲಿಸಿ, ಬಂದು, ನನ್ನ ಎಡಗೈ ಹಿಡಿದು ಎರಡು ಬೆರಳಷ್ಟು ಕೆಳಗೆ ಇಳಿಸಿ ಹೋಗ್ತಿದ್ದರು. ಅವರು ಹಾಗೆ ಇಳಿಸಿದಾಗೆಲ್ಲ ನನಗೆ ಸಿಟ್ಟು ಬರ್ತಿತ್ತು. ಯಾರೂ ಇಳಿಸದೇ ಇದ್ದಾಗ ನನಗೆ ಹೆದರಿಕೆ ಆಯ್ತು.

ಬೆಳಿಗ್ಗೆ ಗ್ರೌಂಡಿನಲ್ಲಿ ಮೇಡಂಗೆ ಕಾಗದ ವಾಪಸ್ ಕೊಟ್ಟೆ. ನಾನು ಇನ್ನೂ ಜ್ವರದಿಂದ ಎದ್ದಿಲ್ಲ, ಎದ್ದ ಮೇಲೆ ಕೇಳ್ತೀನಿ, ನಿಮ್ಮ ಹತ್ತಿರಾನೇ ಇರಲಿ ಅಂದೆ. ಅವರು ನನ್ನ ಎಡಗೈ ಹಿಡಿದು ಕೆಳಗೆ ಇಳಿಸಿ, ಹಾಫ್‌ನಲ್ಲಿ ನಿಂತ್ಕೋ ಹೋಗು ಅಂದರು. ಇವತ್ತೂ ಚೆಂಡು ತಪ್ಪಿತು. ಆದರೆ ಸ್ವಲ್ಪ ಕಡಿಮೆ.

ಅಪ್ಪನಿಗೆ ನಾನೇ ಬೇರೆ ಬರೀತೀನಿ, ನೀನು ಬೈಬೇಡ. ವೆಂಕಟರಾಯಪ್ಪ ಮೇಷ್ಟ್ರಿಗೆ ನಮಸ್ಕಾರ ಹೇಳು.

ನಿನ್ನ
ಮಿತ್ರ

ಇನ್ನೊಂದು: ಜ್ವರದಿಂದ ಎದ್ದಿಲ್ಲ ಅಂದಿದ್ದನ್ನ ಆ ಕಡೆ ಹೋಗ್ತಿದ್ದ ವಾರ್ಡನ್ ಕೇಳಿಸ್ಕೊಂಡುಬಿಟ್ಟರು. ನನ್ನನ್ನ ಎಳ್ಕೊಂಡು ಹೋಗಿ, ಮಾತ್ರೆ ಕೊಟ್ಟು, ಒಂದು ಲೋಟ ಗಂಜಿ ಕುಡಿಸಿದರು. ಮೇಡಂ ಪಕ್ಕದಲ್ಲೇ ನಿಂತಿದ್ದರೂ ಬಿಡಿಸಿ ಹೇಳಲಿಲ್ಲ. ಜ್ವರ ಬೇಗ ಬಿಡ್ತದ ತಗೋ ಅಂತ ವಾರ್ಡನ್ ಅಂದರೆ, ಬೇಗ ಬೇಡ, ಸರಿಯಾಗಿ ಬಿಡಲಿ ಅಂದರು ಮೇಡಂ.