ಹೊಲಿಗೆ ಬಿಟ್ಟ ಜಾಗ

ಮಂಗಳವಾರ, ಮಧ್ಯಾಹ್ನದ ಬಿಡುವಿನಲ್ಲಿ

ಅಮ್ಮಾ,

ನಿನ್ನ ಗುಂಡಿಯ ನಮಸ್ಕಾರ. ಈ ಕಾಗದವನ್ನು ಮೊದಲು ನಿನ್ನ ಗ್ರಂಥಾಲಯದ ಮೇಜಿನ ಡ್ರಾಯರಿಗೆ ಹಾಕು. ಪೇಪರ್ ಓದುವವರೆಲ್ಲ ಎದ್ದುಹೋದ ಮೇಲೆ ತೆಗೆದು ಓದು. ಮನೆಗೆ ಮಾತ್ರ ಒಯ್ಯಬೇಡ. ದಿನಾ ಫೋನಿನಲ್ಲಿ ಹರಟುವವಳು ಕಾಗದ ಯಾಕೆ ಬರೆದಳು, ಅದೂ ಕೆಲಸದ ವಿಳಾಸಕ್ಕೆ, ಎಂದು ಗಾಬರಿಯಾಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಅದನ್ನು ಅಪ್ಪನ ಹೊಲಿಗೆ ಯಂತ್ರದ ಮೇಲಿಟ್ಟು, ಸ್ಪೀಕರ್ ಹಾಕಿ, ಬೀದಿಗೆಲ್ಲ ಕೇಳುವಂತೆ ಮಾತಾಡುತ್ತೀಯ. ಈ ವಿಷಯ ಅಪ್ಪನ ಕಿವಿಗೆ ಬಿದ್ದರೆ ಕೆಟ್ಟಿತು.

ಇಲ್ಲಿ ಕೆಲಸ ಹಾಗೇ ನಡೆದಿದೆ. ಕನ್ನಡಕದ ಗಾಜು ತಿಕ್ಕುವುದು, ಚೌಕಟ್ಟಿಗೆ ಕೂರಿಸುವುದು. ಗಿಟಾರಿನ ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿವೆ, ಗಾಜಿನ ಅಂಚು ನಯವಾಯಿತೋ ಇಲ್ಲವೋ ಆ ಕೈಗೆ ತಿಳಿಯುವುದೇ ಇಲ್ಲ. ಬಲಗೈಯಿಂದ ಸವರಿ ನೋಡಬೇಕು. ನಾಳೆಯಿಂದ ಎಡಗೈಯನ್ನು ಮನೆಯಲ್ಲೇ ಬಿಟ್ಟು ಬಾ ಎಂದು ನಮ್ಮ ಯಜಮಾನರು ರೇಗಿಸುತ್ತಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಗಿಟಾರ್ ಗುಂಪು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದವಳ ಹಾಗೆ ಹುಬ್ಬು ಏರಿಸಬೇಡ. ಬೇರೆ ಬೇರೆ ದೇಶಗಳಲ್ಲಿ ಚದುರಿಹೋದ ನಮ್ಮ ಭಾಷೆಯವರು ಕೆಲಸ ಮುಗಿಸಿ ನುಡಿಸಿದ್ದನ್ನು ವಿಡಿಯೊ ಮಾಡಿ ಹಾಕುತ್ತೇವೆ. ಗುಂಪು ನಡೆಸುವವರು ಒಬ್ಬ ಹಲ್ಲಿನ ಡಾಕ್ಟರು. ಲಾರಿಯಲ್ಲೇ ಕೂತು ನುಡಿಸುವ ಡ್ರೈವರ್ ಒಬ್ಬರಿದ್ದಾರೆ. ಅವಳಿ ಮಕ್ಕಳ ತಾಯಿಯೊಬ್ಬಳು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ನುಡಿಸುತ್ತಾಳೆ. ಅಲ್ಲಿ ನನ್ನ ಹೆಸರು ಸಡಿಲ ತಂತಿ. ಅದೇ ವಿಡಿಯೊಗಳನ್ನು ಮನೆಯವರ ಗುಂಪಿಗೂ ಕಳಿಸುತ್ತೇನಲ್ಲ? ಚಿಕ್ಕಮ್ಮ ತಕ್ಷಣ ಆರು ಹೆಬ್ಬೆರಳು ಒತ್ತಿ, ಆಮೇಲೆ ನನಗೊಬ್ಬಳಿಗೇ ಫೋನ್ ಮಾಡಿ, ಅದು ಶ್ರುತಿ ಮಾಡಿದ್ದಾ ಇಲ್ಲಾ ಅದೇ ಹಾಡಾ ಎಂದು ಕೇಳುತ್ತಾಳೆ. ಅಪ್ಪ ನೋಡುತ್ತಾರೆ, ಏನೂ ಹೇಳುವುದಿಲ್ಲ.

ಎಂಟು ತಿಂಗಳ ಹಿಂದೆ ಗಿಟಾರ್ ಗುಂಪಿಗೆ 'ಹಳೇ ಕತ್ತರಿ' ಎಂಬ ಹೊಸಬರು ಸೇರಿದರು. ಮುಖದ ಬದಲು ಕತ್ತರಿಯ ಚಿತ್ರ. ಏನೂ ನುಡಿಸುವುದಿಲ್ಲ, ಬರೀ ತಪ್ಪು ಹಿಡಿಯುತ್ತಾರೆ. ಡಾಕ್ಟರು ನುಡಿಸಿದ್ದಕ್ಕೆ 'ಕಚ್ಚಾ ಹೊಲಿಗೆ, ಮೈಮೇಲೆ ಹಾಕುವ ಹಾಗಿಲ್ಲ' ಎಂದು ಬರೆದರು. ನಾನು ವಾರವಾರವೂ ನುಡಿಸಿ ಹಾಕುವ ಅದೇ ಒಂದು ಹಾಡಿಗೆ ಬರೆದದ್ದು ಹೀಗೆ: 'ಮೂರನೇ ಸಾಲಿನಲ್ಲಿ ಬೆರಳು ಬದಲಾಗುವ ಕಡೆ ಹೊಲಿಗೆ ಬಿಟ್ಟಿದೆ. ಕಾಜಾದಲ್ಲಿ ಗುಂಡಿ ಕೂತ ಹಾಗೆ ಬೆರಳು ಕೂರಬೇಕು. ಮುಖ ಸೊರಗಿದೆ, ನಿದ್ದೆಗೆಡಬೇಡಿ. ಕಿಟಕಿ ಪಕ್ಕ ಕೂರಬೇಡಿ, ಶೀತವಾಗುತ್ತದೆ.'

ಅಲ್ಲಮ್ಮಾ, ಪ್ರಪಂಚದಲ್ಲಿ ಯಾವ ವಿಮರ್ಶಕ ಕಿಟಕಿಯ ವಿಷಯ ಬರೆಯುತ್ತಾನೆ? ಆಗಲೇ ಅನುಮಾನ ಬಂತು. ಎರಡನೇ ತಿಂಗಳಲ್ಲಿ ನೀನೂ ಅಪ್ಪನೂ ಸಿಕ್ಕಿಬಿದ್ದಿರಿ. ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಗುಂಡಿಯೊಂದು ಫೋನಿನಲ್ಲಿದೆಯಲ್ಲ, ಅದನ್ನು ಒತ್ತಿ ಮರೆತಿರಿ. ನನ್ನ ವಿಡಿಯೊದ ಕೆಳಗೆ ಒಂದೇ ಉಸಿರಿನಲ್ಲಿ ಬಂದದ್ದನ್ನು ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ: 'ಓಡಿಸ್ತಾಳೆ ಕಣೇ ನೇರ ಹೊಲಿಗೆ ಸಿಕ್ಕಿದ್ರೆ ಓಡಿಸೋ ಚಾಳಿ ಹೋಗಿಲ್ಲ ರೀ ಓಡಿಸ್ತಾಳೆ ಅನ್ಬೇಡಿ ಓಡಿಸ್ತೀರಿ ಅನ್ನಿ ಗೊತ್ತಾಗ್ಬಿಡುತ್ತೆ ಅಯ್ಯೋ ಕೆಂಪು ಉರೀತಿದೆ ಎಲ್ಲಿ ಒತ್ಲಿ ಅಲ್ಲಲ್ಲ'. ನಾಲ್ಕು ನಿಮಿಷದಲ್ಲಿ ಅಳಿಸಿದಿರಿ. ಅಷ್ಟರಲ್ಲಿ ನಾನು ಮೂರು ಸಲ ಓದಿ, ನಕ್ಕು, ಆಮೇಲೆ ಗಿಟಾರ್ ತಬ್ಬಿಕೊಂಡು ಗೊಳೋ ಎಂದು ಅತ್ತಿದ್ದೆ.

ನಿನಗೆ ಗೊತ್ತಲ್ಲ, ಆರು ವರ್ಷದ ಹಿಂದೆ ನಾನು ಅಪ್ಪನ ಅಂಗಡಿ ಬಿಟ್ಟು ಹೊರಟಾಗ ನನ್ನ ಅರ್ಧ ಹೊಲಿದ ಕೋಟು ಯಂತ್ರದಲ್ಲೇ ಇತ್ತು. ನೀನು ಹಿಡಿದದ್ದೆಲ್ಲ ಅರ್ಧಕ್ಕೇ ಎಂದು ಅಪ್ಪ ನನಗೆ ಅಂದರು. ಗಿಟಾರಿಗೆ ಮರದ ಡಬ್ಬ ಎಂದರು. ಅಂದಿನಿಂದ ಫೋನಿನಲ್ಲಿ ನನ್ನ ಪಾಲಿಗೆ ಸಿಕ್ಕಿದ್ದು, ಹೂಂ ಇದ್ದೀನಿ, ತಗೋ ಅಮ್ಮನ ಹತ್ರ ಮಾತಾಡು, ಇಷ್ಟೇ. ಹಳೇ ಕತ್ತರಿಯಾದರೆ ಎಂಟು ತಿಂಗಳಿಂದ ಹೆಚ್ಚುಕಡಿಮೆ ಪ್ರತಿ ವಾರ ನನಗೆ ಬರೆಯುತ್ತಾರೆ. ಬೈಗುಳವೇ ಇರಲಿ, ಅದು ಪೂರ್ತಿ ಕೇಳಿಸಿಕೊಂಡವರ ಬೈಗುಳ. ನನಗೆ ಅಪ್ಪ ಬೇಕು ಅಮ್ಮಾ, ಕತ್ತರಿಯ ಚಿತ್ರದ ಹಿಂದೆ ಕೂತಿದ್ದರೂ ಸರಿ. ನನಗೆ ಗೊತ್ತೆಂದು ಅವರಿಗೆ ಗೊತ್ತಾದ ದಿನ ಆ ಬಾಯಿಗೆ ಮತ್ತೆ ಬೀಗ ಬೀಳುತ್ತದೆ.

ಈಗ ಬಂದಿರುವ ಸಂಕಟ ಕೇಳು. ಯಾರೋ ಸುಳ್ಳು ಹೆಸರಿನವರು ಗುಂಪಿಗೆ ನುಗ್ಗಿ ಏನೇನೋ ಮಾರಲು ಹೊರಟರು. ಡಾಕ್ಟರಿಗೆ ಸಿಟ್ಟು ಬಂದು, ಮುಂದಿನ ತಿಂಗಳ ಮೊದಲ ಭಾನುವಾರ ಎಲ್ಲರೂ ಕ್ಯಾಮೆರಾ ಮುಂದೆ ಬಂದು ಮುಖ ತೋರಿಸಿ ನುಡಿಸಬೇಕು, ಇಲ್ಲವಾದರೆ ಹೆಸರು ತೆಗೆದುಹಾಕುತ್ತೇನೆ ಎಂದು ಆಜ್ಞೆ ಹೊರಡಿಸಿದರು. ಹಳೇ ಕತ್ತರಿಯ ಉತ್ತರ ನೀನೇ ಒತ್ತಿ ಕಳಿಸಿದ್ದಲ್ಲವಾ? 'ನಾನು ನುಡಿಸುವವನಲ್ಲ. ಹೆಸರು ತೆಗೆದುಬಿಡಿ. ಸಡಿಲ ತಂತಿಯವರು ಮೂರನೇ ಸಾಲಿನ ಅಭ್ಯಾಸ ಬಿಡದಿರಲಿ.' ಅದರ ಕೆಳಗೆ ನೀನು ಸೇರಿಸುವ ನಿದ್ದೆಯ ಮಾತೂ ಇರಲಿಲ್ಲ, ಶೀತದ ಮಾತೂ ಇರಲಿಲ್ಲ. ನಿನಗೂ ಬೇಜಾರಾಗಿದೆ ಎಂದು ಅದರಿಂದಲೇ ಗೊತ್ತಾಯಿತು. ಓದುತ್ತಿದ್ದಂತೆ ಕೈಯಲ್ಲಿದ್ದ ಗಾಜು ನೆಲಕ್ಕೆ ಬಿದ್ದು ಚೂರಾಯಿತು.

ಸುಮ್ಮನೆ ಕೂರುವವಳಾ ನಾನು? ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಕ್ಕ ಜೋರಿಗೆ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ ಎದ್ದು ಕೂತರಂತೆ. ನನ್ನನ್ನು ಕಚ್ಚಾ ಹೊಲಿಗೆ ಅಂದವರು ನಿಮ್ಮ ತಂದೆಯವರಾ ಎಂದು ಎರಡೆರಡು ಸಲ ಕೇಳಿದರು. ಕೊನೆಗೆ ನಿಯಮ ಬದಲಿಸಲು ಒಪ್ಪಿಕೊಂಡರು. ಮುಖ ಬೇಡ. ನುಡಿಸಲು ಬಾರದವರು ತಾವು ಕೈಯಾರೆ ಮಾಡುವ ಕೆಲಸದ ಸದ್ದನ್ನು ಆ ಹೊತ್ತಿಗೆ ಕೇಳಿಸಿದರೆ ಸಾಕು. ಎರಡು ದಿನ ಮುಂಚೆ ಗುಂಪಿಗೆಲ್ಲ ತಿಳಿಸುತ್ತಾರೆ. ಅಲ್ಲಿಯವರೆಗೆ ಯಾರ ಹೆಸರನ್ನೂ ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಇನ್ನು ನಿನ್ನ ಕೆಲಸ. ಆ ಭಾನುವಾರ ನಿಮ್ಮಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆ ಫೋನನ್ನು ಯಂತ್ರದ ಮೇಲಿಡು. ಕ್ಯಾಮೆರಾ ಮುಚ್ಚಿರಲಿ. ಹೊಸ ನಿಯಮವಂತೆ, ಸುಮ್ಮನೆ ನಿಮ್ಮ ಪಾಡಿಗೆ ಹೊಲಿಯಿರಿ ಎಂದಷ್ಟೇ ಅಪ್ಪನಿಗೆ ಹೇಳು. ಕಾಲರು, ಜೇಬು ಕೊಡಬೇಡ, ಬೇಗ ಮುಗಿದುಹೋಗುತ್ತದೆ. ನಡುಮನೆಯ ಪರದೆಗಳ ಅಂಚು ಬಿಚ್ಚಿಟ್ಟಿರು. ಅಷ್ಟು ಉದ್ದದ ಹೊಲಿಗೆಯೇ ಬೇಕು. ಆ ಪೆಡಲಿನ ಸದ್ದಿಗೆ ನಾನು ಇಲ್ಲಿಂದ ನುಡಿಸುತ್ತೇನೆ. ಚಿಕ್ಕವಳಿದ್ದಾಗ ಆ ಯಂತ್ರದ ಕೆಳಗೆ ಕೂತು ಗುಂಡಿ ಆರಿಸಿ ಆರಿಸಿಯೇ ನನಗೆ ಗುಂಡಿ ಎಂಬ ಹೆಸರು ಬಂದದ್ದು. ನಾನು ಕಲಿತ ಮೊದಲ ತಾಳವೂ ಅದೇ. ನೇರ ಹೊಲಿಗೆ ಸಿಕ್ಕರೆ ಅಪ್ಪನೂ ಓಡಿಸುತ್ತಾರೆ, ನನ್ನ ಚಾಳಿ ಎಲ್ಲಿಂದ ಬಂತೆಂದು ಒಮ್ಮೆ ಕೇಳು!

ಒಂದು ತೊಡಕಿದೆ. ಅವರ ಸದ್ದು ಇಲ್ಲಿಗೆ ಬಂದು, ನನ್ನ ಸದ್ದು ಅಲ್ಲಿಗೆ ಹೋಗುವಷ್ಟರಲ್ಲಿ ಅರೆಗಳಿಗೆ ತಡವಾಗುತ್ತದೆ. ತಾಳ ತಪ್ಪಿದೆ ಎಂದು ಅಪ್ಪ ಬೈಯುತ್ತಾರೆ. ಬೈಯಲಿ, ನೀನು ತಪ್ಪದೆ ಬರೆದು ಕಳಿಸು. ನನ್ನ ಕಿವಿಗೆ ನಾವಿಬ್ಬರೂ ಸರಿಯಾಗಿ ಕೂಡಿರುತ್ತೇವೆ, ನನಗೆ ಅಷ್ಟು ಸಾಕು.

ಮೂರನೇ ಸಾಲು ಇನ್ನೂ ಸತಾಯಿಸುತ್ತಲೇ ಇದೆ. ಕಿಟಕಿ ಮುಚ್ಚಿದ್ದೇನೆ, ನಿದ್ದೆಯೂ ಚೆನ್ನಾಗಿ ಮಾಡುತ್ತಿದ್ದೇನೆ.

ನಿನ್ನ ಕಳ್ಳತನ ಮೆಚ್ಚಿದ ಮಗಳು,
ಗುಂಡಿ

ತಾ.ಕ.: ಸುಳ್ಳು ಹೇಳಿದೆ ಅಮ್ಮಾ. ಮೂರನೇ ಸಾಲು ನನ್ನ ಕೈಗೆ ಬಂದು ಮೂರು ತಿಂಗಳಾಯಿತು. ಸರಿಯಾಗಿ ನುಡಿಸಿದ್ದನ್ನು ಒಂದು ವಾರ ಹಾಕಿದ್ದೆ. ಹಳೇ ಕತ್ತರಿ 'ಸರಿ ಇದೆ' ಎಂದು ಎರಡೇ ಪದ ಬರೆದು, ಹದಿನೈದು ದಿನ ಪತ್ತೆಯೇ ಇರಲಿಲ್ಲ. ಅಂದಿನಿಂದ ಪ್ರತಿ ವಾರ ಆ ಜಾಗದಲ್ಲಿ ಬೇಕೆಂದೇ ಹೊಲಿಗೆ ಬಿಡುತ್ತಿದ್ದೇನೆ. ಆ ಭಾನುವಾರ ಮಾತ್ರ ಅಪ್ಪನ ತಾಳಕ್ಕೆ ಪೂರ್ತಿ ನುಡಿಸುತ್ತೇನೆ, ಅರ್ಧಕ್ಕೆ ಬಿಡುವುದಿಲ್ಲ. ಸೋಮವಾರದಿಂದ ಮತ್ತೆ ಹೊಲಿಗೆ ಬಿಡುತ್ತೇನೆ.